ಮೂರನೇ ಡೌನು, ಎಂಟು ಗಜ

ಪಂದ್ಯ ಸೋತು ಇನ್ನೂ ಜನ ಮೈದಾನದಿಂದ ಹೊರಟಿರಲಿಲ್ಲ, ಅಷ್ಟರಲ್ಲಿ ರೇಡಿಯೋ ಕೋಣೆಯ ಬಾಗಿಲನ್ನು ಯಾರೋ ದಬದಬ ಬಡಿದರು. ಟ್ವೈಲಾ ಹ್ರೂಬಿ ಮೈಕಿನ ವೈರು ಸುತ್ತಿಡುತ್ತಿದ್ದವಳು ಹಾಗೇ ಹೋಗಿ ಬಾಗಿಲು ತೆಗೆದಳು. ನಿಂತಿದ್ದವನು ಕರ್ಟ್ ಓಸ್ಟರ್‌ಮನ್. ಆ ವರ್ಷವಷ್ಟೇ ಡ್ರೈ ಫೋರ್ಕ್ ಹೈಸ್ಕೂಲಿಗೆ ಗಣಿತದ ಮೇಷ್ಟರಾಗಿ ಬಂದವನು. ಅಮೆರಿಕನ್ ಫುಟ್‌ಬಾಲ್ ತಂಡ ಯಾವಾಗ ಚೆಂಡು ಹಿಡಿದು ಓಡಬೇಕು, ಯಾವಾಗ ಪಾಸ್ ಎಸೆಯಬೇಕು ಎಂದು ಹೇಳುವ ಕೋಚೂ ಅವನೇ. ಅವನ ಕಿವಿಗಳು ಕೆಂಪಾಗಿದ್ದವು. ನೆಬ್ರಾಸ್ಕದ ಗಾಳಿಗೆ ಹಾಗಾಗಿತ್ತೋ ಸಿಟ್ಟಿಗೋ ಹೇಳುವುದು ಕಷ್ಟ.

"ನೀವು ನನ್ನ ಮಾತು ಕದ್ದು ಕೇಳಿಸ್ಕೋತಿದೀರ," ಎಂದ ಅವನು.

ಹಾಗೆ ಅನುಮಾನ ಪಡುವುದಕ್ಕೆ ಕಾರಣವೂ ಇತ್ತು. ಕೋಣೆ ಎಂದರೆ ಗ್ಯಾಲರಿಯ ನೆತ್ತಿಯ ಮೇಲೆ ಕೂರಿಸಿದ ಒಂದು ಮರದ ಡಬ್ಬ, ಅದನ್ನು ಪ್ಲೈವುಡ್ಡಿನಿಂದ ಎರಡು ಭಾಗ ಮಾಡಿದ್ದರು. ಈ ಕಡೆ ಕೂತು ಟ್ವೈಲಾ ಊರಿನ ರೇಡಿಯೋಗೆ ಆಟದ ವಿವರ ಹೇಳುತ್ತಿದ್ದಳು. ಆ ಕಡೆ ಕೂತು ಕರ್ಟ್ ಹೆಡ್‌ಸೆಟ್ಟಿನಲ್ಲಿ ಕೆಳಗಿನವರಿಗೆ ಮುಂದಿನ ಆಟ ಯಾವುದೆಂದು ಹೇಳುತ್ತಿದ್ದ. ನಡುವೆ ಒಂದು ಪುಟ್ಟ ಜಾರು ಕಿಟಕಿಯೇನೋ ಇತ್ತು, ಆದರೆ ಯಾವ ಕಾಲದಲ್ಲೋ ಬಣ್ಣ ಬಳಿದವನು ಅದನ್ನೂ ಸೇರಿಸಿ ಬಳಿದುಬಿಟ್ಟಿದ್ದರಿಂದ ಅಂಟಿಕೊಂಡು ಕೂತಿತ್ತು. ಅವತ್ತು ಮಧ್ಯಾಹ್ನವೆಲ್ಲ ಟ್ವೈಲಾ ಪ್ರತಿ ಮೂರನೇ ಡೌನಿನಲ್ಲೂ "ಈಗ ನೋಡಿ, ಬಲಗಡೆಗೆ ಗಿಡ್ಡ ಪಾಸು" ಎನ್ನುವುದು, ಮರುಕ್ಷಣವೇ ಬಲಗಡೆಗೆ ಗಿಡ್ಡ ಪಾಸು ಬೀಳುವುದು, ಹೀಗೇ ನಡೆದಿತ್ತು. ಎದುರು ತಂಡದ ಹುಡುಗರ ಅಪ್ಪಂದಿರು ಮೈದಾನದ ಸುತ್ತ ಪಿಕಪ್ ನಿಲ್ಲಿಸಿಕೊಂಡು, ಹೀಟರ್ ಹಾಕಿಕೊಂಡು, ಅದೇ ರೇಡಿಯೋ ಕೇಳುತ್ತ ಕೂತಿದ್ದರು.

ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಲೆಕ್ಕ ಒಂದಿದೆ. ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನು. ಮೂರರಲ್ಲಿ ಗುರುತು ದಾಟದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಯ ಕೈಗೆ ಒಪ್ಪಿಸುವುದೇ ವಾಡಿಕೆ. ಹಾಗಾಗಿ ಮೂರನೇ ಡೌನು ಎಂದರೆ ಅಲ್ಲಿ ಮಾನ ಮರ್ಯಾದೆಯ ವಿಷಯ. ಎಂಟು ಗಜ ಬೇಕಾದಾಗ ಐದು ಗಜದ ಪಾಸ್ ಎಸೆಯುವವನನ್ನು ಕಂಡರೆ ಟ್ವೈಲಾಗೆ ಮೈ ಉರಿಯುತ್ತಿತ್ತು.

"ಕದ್ದು ಕೇಳೋದಕ್ಕೆ ಅಲ್ಲೇನಿದೆ ಕೋಚ್?" ಎಂದಳು. "ಮೂರನೇ ಡೌನಲ್ಲಿ ನೀವೇನು ಮಾಡ್ತೀರ ಅಂತ ನಮ್ಮಪ್ಪನ ನಾಯಿಗೂ ಗೊತ್ತು."

ಅವನು ಸುಮ್ಮನೆ ಹೋಗುವ ಆಸಾಮಿಯಲ್ಲ. ಪರೀಕ್ಷೆ ಮಾಡೋಣ, ನೀವು ನನ್ನ ಕೋಣೆಗೆ ಹೋಗಿ ಏನಾದರೂ ಮಾತಾಡಿ ಎಂದ. ಅವಳು ಹೋಗಿ ಗೋಡೆಗೆ ಮುಖ ಮಾಡಿ, ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಎಂಟು ಗಜಕ್ಕೆ ಐದು ಗಜ ಎಸೆಯುವವನಿಗೆ ಗಣಿತ ಕಲಿಸಿದವರು ಯಾರು ಎಂದು ಕೇಳಿದಳು. ಕೇಳಿಸಿತು ಎಂದು ಆಚೆಯಿಂದ ಗೆಲುವಿನ ದನಿಯಲ್ಲಿ ಉತ್ತರ ಬಂತು. ಟ್ವೈಲಾ ವಾಪಸು ಬಂದವಳೇ ಆಟದುದ್ದಕ್ಕೂ ತಾನು ಹಾಕಿಕೊಂಡಿರುವ ದಪ್ಪನೆಯ ಹೆಡ್‌ಫೋನನ್ನು ಎತ್ತಿ ಅವನ ತಲೆಗೆ ತೊಡಿಸಿದಳು. ಎರಡೂ ಕಿವಿ ಮುಚ್ಚಿಹೋದವು. ಅವಳ ತುಟಿ ಆಡುವುದು ಮಾತ್ರ ಕಂಡಿತು, ಮಾತು ಕೇಳಲಿಲ್ಲ.

ಅವನು ನಿಧಾನವಾಗಿ ಹೆಡ್‌ಫೋನ್ ತೆಗೆದ. ಸಿಟ್ಟು ಇಳಿದ ಮೇಲೆ ಆ ಮುಖ ಬೇರೆಯೇ ಇತ್ತು. ಬೂದು ಕಣ್ಣು, ಬೆರಳ ತುದಿಯಲ್ಲಿ ಸೀಮೆಸುಣ್ಣ, ತಪ್ಪು ಒಪ್ಪಿಕೊಳ್ಳುವುದಕ್ಕೆ ಮುಂಚೆ ಒಮ್ಮೆ ಕೆನ್ನೆ ಉಜ್ಜಿಕೊಳ್ಳುವ ಅಭ್ಯಾಸ. ಅವನು ಉಜ್ಜಿಕೊಂಡ ಕೆನ್ನೆಯ ಮೇಲೆ ಸುಣ್ಣ ಹತ್ತಿತು.

"ಈ ಗೋಡೇಲಿ ಎಲ್ಲಾ ಕೇಳಿಸುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಟ್ವೈಲಾ ಕೇಳಿದಳು.

ಅವನು ಕೈಯಲ್ಲಿದ್ದ ಹೆಡ್‌ಫೋನನ್ನು ಮೇಜಿನ ಮೇಲಿಟ್ಟ.

"ಅಂದ್ರೆ ಕದ್ದು ಕೇಳ್ತಿರೋದು ನೀವು."

ನಾನು ಒಂದು ಕಿವಿ ಮಾತ್ರ ಮುಚ್ಚಿಕೊಳ್ಳುತ್ತೇನೆ, ಇನ್ನೊಂದು ಜನರ ಗಲಾಟೆ ಕೇಳಿಸಿಕೊಳ್ಳುವುದಕ್ಕೆ, ಅದರ ಜೊತೆಗೆ ನಿಮ್ಮ ಮಾತೂ ಬೀಳುತ್ತದೆ ಎಂದು ಅವನು ಗಡಿಬಿಡಿಯಲ್ಲಿ ಸಮಜಾಯಿಷಿ ಕೊಟ್ಟ. ಕೆಂಪು ಈಗ ಕಿವಿಯಿಂದ ಕತ್ತಿಗೆ ಇಳಿದಿತ್ತು. ಈ ಸಲ ಗಾಳಿಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಮೆಟ್ಟಿಲಿಳಿದು ಹೋಗುವವನನ್ನು ಟ್ವೈಲಾ ನೋಡುತ್ತ ನಿಂತಳು. ಕೆನ್ನೆಯ ಮೇಲಿನ ಸುಣ್ಣದ ಗುರುತನ್ನು ಅವನಿಗೆ ಹೇಳದೆ ಬಿಟ್ಟದ್ದು ಬೇಕೆಂದೇ.

ಡ್ರೈ ಫೋರ್ಕಿನಲ್ಲಿ ಪಂದ್ಯ ನಡೆಯುವುದು ಶುಕ್ರವಾರ, ವಿಚಾರಣೆ ಸೋಮವಾರ. ಸೋಮವಾರ ಬೆಳಿಗ್ಗೆ ಬೆಂಕಿ ಆರಿಸುವ ಲಾರಿಯನ್ನು ಶೆಡ್ಡಿನಿಂದ ಹೊರಗೆ ತಂದು ನಿಲ್ಲಿಸಿ, ಅದು ನಿಲ್ಲುವ ಜಾಗದಲ್ಲಿ ಉದ್ದನೆಯ ಮೇಜು ಹಾಕುತ್ತಾರೆ. ಕಾಫಿ ಊರಿನದು, ಹಣ್ಣಿನ ಹೂರಣ ತುಂಬಿದ ಕೊಲಾಚೆ ಟ್ವೈಲಾಳ ಬೇಕರಿಯದು. ರೈತರು, ಅಂಚೆಯವನು, ಪಾದ್ರಿ, ಹಲ್ಲಿನ ಡಾಕ್ಟರು ಎಲ್ಲರೂ ಕೂತು ಕೋಚನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಊರಿನಲ್ಲಿ ಬೆಂಕಿ ಬಿದ್ದರೂ ಸೋಮವಾರ ಎಂಟು ಗಂಟೆಯೊಳಗೆ ಬೀಳಬಾರದು ಎನ್ನುವುದು ಅಲ್ಲಿನ ಹಳೆಯ ತಮಾಷೆ.

ಆ ಸೋಮವಾರ ಕರ್ಟ್ ಬಂದು ನೇರ ಟ್ವೈಲಾಳ ಎದುರಿನ ಕುರ್ಚಿಯಲ್ಲಿ ಕೂತ. ಜಾಮಿನ ಪುಟ್ಟ ಪೊಟ್ಟಣಗಳನ್ನು ಎಳೆದುಕೊಂಡು ಎರಡೂ ಕಡೆ ಎಂಟೆಂಟು ಆಟಗಾರರನ್ನು ನಿಲ್ಲಿಸಿದ, ಅಂಥ ಸಣ್ಣ ಊರುಗಳ ಆಟದಲ್ಲಿ ತಂಡಕ್ಕೆ ಎಂಟೇ ಜನ. ಸ್ಟ್ರಾಬೆರಿ ನಮ್ಮವರು, ದ್ರಾಕ್ಷಿ ಅವರು.

"ಗಿಡ್ಡ ಪಾಸು ಹತ್ತಕ್ಕೆ ಏಳು ಸಲ ಕೈಗೆ ಸಿಗುತ್ತೆ," ಎಂದ. "ಉದ್ದ ಪಾಸು ಮೂರೇ ಸಲ. ನೀವಾಗಿದ್ರೆ ಯಾವುದನ್ನ ಎಸೀತಿದ್ರಿ?"

"ಆ ಏಳರಲ್ಲಿ ಎಷ್ಟು ಗುರುತು ದಾಟ್ತು?"

ಕರ್ಟ್ ಕೆನ್ನೆ ಉಜ್ಜಿಕೊಂಡ. ಪಾದ್ರಿ ಕೊಲಾಚೆ ಕಚ್ಚುವುದನ್ನು ನಿಲ್ಲಿಸಿದರು. ಟ್ವೈಲಾ ಕೈ ಚಾಚಿ ಒಂದು ಸ್ಟ್ರಾಬೆರಿಯನ್ನು ಎಡಗಡೆಯಿಂದ ಉದ್ದಕ್ಕೆ ಓಡಿಸಿ, ದ್ರಾಕ್ಷಿಗಳ ಬೆನ್ನ ಹಿಂದೆ, ಅವನ ಕಾಫಿ ಲೋಟದ ಪಕ್ಕಕ್ಕೆ ತಂದಿಟ್ಟಳು. ಬಲಗಡೆಯ ಗಿಡ್ಡ ಪಾಸಿಗೆ ಎಲ್ಲರೂ ಕಾದು ನಿಂತಿರುತ್ತಾರೆ, ಎಡಗಡೆ ಹಿಂಭಾಗ ಇಡೀ ಖಾಲಿ, ಅಲ್ಲಿಗೆ ಎಸೆಯಿರಿ ಎಂದಳು. ಕೈ ಹಿಂದಕ್ಕೆ ತೆಗೆಯುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿತು. ಇಬ್ಬರೂ ಜಾಮನ್ನೇ ನೋಡಿದರು.

ಅಲ್ಲಿಂದ ಮುಂದೆ ಟ್ವೈಲಾಳ ವಾರ ಸೋಮವಾರದಿಂದ ಶುರುವಾಗಿ ಸೋಮವಾರದಲ್ಲೇ ಮುಗಿಯತೊಡಗಿತು. ಹಿಟ್ಟು ನಾದುವಾಗ ಮನಸ್ಸಿನಲ್ಲಿ ವಾದ ಹೊಸೆಯುತ್ತಿದ್ದಳು. ಅವನ ಉತ್ತರವನ್ನೂ ತಾನೇ ಊಹಿಸಿ, ಅದಕ್ಕೆ ಮರು ಉತ್ತರ ಯೋಚಿಸಿ, ಒಬ್ಬಳೇ ನಗುತ್ತಿದ್ದಳು. ಅವನು ವಾದ ಸೋಲುವಾಗ ಎಡ ಹುಬ್ಬು ಮೇಲೇರುವುದು, ಗೆಲ್ಲುವಾಗ ಗೆದ್ದದ್ದು ಕಾಣಬಾರದೆಂದು ಕಾಫಿ ಲೋಟದ ಹಿಂದೆ ನಗು ಬಚ್ಚಿಡುವುದು ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಹಿಂದೊಮ್ಮೆ ಬಿತ್ತನೆ ಜೋಳ ಮಾರುವವನೊಬ್ಬನ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. ಅವನು ಒಮಾಹಾ ಪಟ್ಟಣಕ್ಕೆ ಹೋದವನು ಅಲ್ಲೇ ಉಳಿದ. ಆಮೇಲೆ ಯಾರ ಹುಬ್ಬನ್ನೂ ಇಷ್ಟು ಗಮನವಿಟ್ಟು ನೋಡುವ ಕೆಲಸ ಅವಳಿಗೆ ಬಿದ್ದಿರಲಿಲ್ಲ.

ಅವಳಿಗಿಂತ ಮುಂಚೆ ಅದೇ ಮೈಕಿನ ಮುಂದೆ ಕೂರುತ್ತಿದ್ದವನು ಅಪ್ಪ ಎಮಿಲ್. ಈಗ ಮೊಣಕಾಲು ಮೆಟ್ಟಿಲು ಹತ್ತಗೊಡುವುದಿಲ್ಲವೆಂದು ಪಿಕಪ್ಪಿನಲ್ಲಿ ನಾಯಿಯ ಜೊತೆ ಕೂತು ಮಗಳ ಮಾತು ಕೇಳುತ್ತಿದ್ದ. ಒಂದು ಶುಕ್ರವಾರ ಅವಳು ಹಸಿರು ಸ್ವೆಟರ್ ಹಾಕಿ, ತುಟಿಗೆ ಬಣ್ಣ ಹಚ್ಚಿ ಹೊರಟಾಗ ಅವನು ಮೇಲಿಂದ ಕೆಳಗೆ ನೋಡಿದ.

"ರೇಡಿಯೋದಲ್ಲಿ ಈಗ ಮುಖಾನೂ ಕಾಣಿಸುತ್ತಾ ಮಗಳೇ?" ಎಂದ.

ಊರಿಗೆ ಮಾತ್ರ ಇದೊಂದೂ ಕಾಣಲಿಲ್ಲ. ಊರಿಗೆ ಕಂಡದ್ದು ಬರೀ ಜಗಳ. ಸೋಮವಾರದ ಸಭೆಗೆ ಯಜಮಾನನಾಗಿದ್ದ ಲುಮಿರ್ ಕುಬಿಚೆಕ್ ಒಳ್ಳೆಯ ಮನುಷ್ಯ, ಟ್ರ್ಯಾಕ್ಟರ್ ಮಾರುವವನು, ಯಾರ ನಡುವೆಯೂ ಮನಸ್ತಾಪ ಇರಬಾರದು ಎನ್ನುವ ಸ್ವಭಾವದವನು. ಹೊಸ ಮೇಷ್ಟರು, ನಮ್ಮೂರ ಹುಡುಗಿ, ಹೀಗೆ ಹಾವು ಮುಂಗುಸಿಯ ಹಾಗೆ ಕಚ್ಚಾಡಿದರೆ ಹೇಗೆ ಎಂದು ಅವನಿಗೆ ನಿದ್ದೆ ಬರಲಿಲ್ಲವಂತೆ. ಒಂದು ಸೋಮವಾರ ಎದ್ದು ನಿಂತು, ಇನ್ನು ಮುಂದೆ ಈ ಮೇಜಿನಲ್ಲಿ ಮೂರನೇ ಡೌನಿನ ಮಾತು ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ. ಇಬ್ಬರನ್ನೂ ಮೇಜಿನ ಎರಡು ತುದಿಗೆ ಕೂರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರನೇ ಡೌನು ಇಲ್ಲದೆ ಅವರಿಬ್ಬರಿಗೆ ಆಡುವುದಕ್ಕೆ ಮಾತೇ ಇರಲಿಲ್ಲ. ಕಾಫಿ ಕೆಟಲ್ ಹತ್ತಿರ ಎದುರಾದಾಗ ಅವನು ಗಾಳಿ ಜಾಸ್ತಿ ಇದೆ ಎಂದ. ಅವಳು ಹೌದು, ಇದೆ ಎಂದಳು. ಮುಂದಿನ ವಾರ ಅವಳೇ ಗಾಳಿ ಕಡಿಮೆಯಾಗಿದೆ ಎಂದಳು. ಮನೆಗೆ ಹೋಗಿ ಹಿಟ್ಟನ್ನು ಎಷ್ಟು ಜೋರಾಗಿ ಕುಟ್ಟಿದಳೆಂದರೆ ಅವತ್ತಿನ ಬ್ರೆಡ್ಡು ಕಲ್ಲಾಯಿತು. ಅವನಿಲ್ಲದೆ ತನಗೆ ಬೇಸರ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾದದ್ದು ಆ ಬ್ರೆಡ್ಡನ್ನು ಕುಯ್ಯಲು ಹೋಗಿ ಚಾಕು ನಿಂತಾಗ.

ಲುಮಿರ್ ಬ್ರೆಡ್ಡು ಒಯ್ಯಲು ಬಂದವನು ಅವಳ ಮುಖ ನೋಡಿ ಸಮಾಧಾನ ಹೇಳಿದ. ಇನ್ನು ಸ್ವಲ್ಪ ದಿನ ಸಹಿಸಿಕೋ, ಕೊಲೊರಾಡೋದ ದೊಡ್ಡ ಸ್ಕೂಲೊಂದು ಅವನನ್ನು ಕರೆಯುತ್ತಿದೆ, ಕೊನೆಯ ಪಂದ್ಯ ಮುಗಿದ ಭಾನುವಾರ ಉತ್ತರ ಕೊಡಬೇಕಂತೆ, ಹೋದರೆ ನಿನಗೂ ನೆಮ್ಮದಿ ಎಂದ. ಟ್ವೈಲಾ ಅವನಿಗೆ ಚಿಲ್ಲರೆ ಕೊಡುವುದನ್ನೇ ಮರೆತಳು. ಅವನೂ ಕೇಳಲಿಲ್ಲ, ಪಾಪ ಹುಡುಗಿಗೆ ಖುಷಿಯಾಗಿದೆ ಎಂದುಕೊಂಡು ಹೋದ.

ಗುರುವಾರ ಬೆಳಿಗ್ಗೆ ಕರ್ಟ್ ಬೇಕರಿಗೆ ಬಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನಿಗೆ ಬೇಕಾದ ಕೊಲಾಚೆ ಯಾವುದೆಂದು ಅವಳಿಗೆ ಗೊತ್ತಿತ್ತು, ಆದರೂ ಯಾವುದು ಬೇಕು ಎಂದು ಕೇಳಿದಳು. ಅವನೂ ಗೊತ್ತಿಲ್ಲದವನ ಹಾಗೆ ಗಾಜಿನೊಳಗೆ ಬಗ್ಗಿ ನೋಡಿದ.

"ಕೊಲೊರಾಡೋದಲ್ಲಿ ಬೆಟ್ಟಗಳು ಚೆನ್ನಾಗಿವೆಯಂತೆ," ಎಂದಳು ಟ್ವೈಲಾ.

"ಅಂತೆ."

ಅವನು ನೇರವಾಗಿ ನಿಂತ. ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ.

"ನಾನು ಏನು ಮಾಡ್ತೀನಿ ಅಂತ ನನಗಿಂತ ಮುಂಚೆ ನೀವೇ ಹೇಳ್ತೀರಲ್ಲ ಟ್ವೈಲಾ. ಇದನ್ನೂ ಹೇಳಿ."

"ಹೋಗ್ತೀರ. ಅದೇ ಸೇಫು."

"ಸರಿ. ನಾನೇನು ಮಾಡ್ಲಿ ಅಂತ ನಿಮಗೆ ಆಸೆ?"

ಉತ್ತರ ಅವಳ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಒಮಾಹಾಗೆ ಹೋದವನಿಗೂ ಅವಳು ಒಮ್ಮೆ ಹೋಗಬೇಡ ಎಂದಿದ್ದಳು, ಅವನು ನಕ್ಕಿದ್ದ. ಓವನ್ನಿನಲ್ಲಿ ಏನೋ ಸೀಯುತ್ತಿದೆ ಎಂದು ಹೇಳಿ ಅವಳು ಒಳಗೆ ಹೋದಳು. ಓವನ್ ಹಚ್ಚಿರಲೇ ಇಲ್ಲ. ಹೊರಗೆ ಬಂದಾಗ ಅವನು ಹೋಗಿದ್ದ. ಇಡೀ ಸೀಸನ್ ಮೈಕಿನಲ್ಲಿ ಅವನನ್ನು ಹೆದರುಪುಕ್ಕಲ ಎಂದವಳು, ತನ್ನ ಸರದಿ ಬಂದಾಗ ಐದು ಗಜಕ್ಕೂ ಎಸೆದಿರಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗಿ ಅವಳು ಗಲ್ಲಾದ ಹಿಂದೆ ಕೂತುಬಿಟ್ಟಳು.

ಮರುದಿನ ನಾಕೌಟ್ ಪಂದ್ಯ. ಸೋತರೆ ಸೀಸನ್ ಮುಗಿಯಿತು. ನವೆಂಬರಿನ ತೆಳು ಬಿಸಿಲು, ಎಲ್ಲರ ಕೈಯಲ್ಲೂ ಬಿಸಿ ಚಿಲ್ಲಿ ಸಾರಿನ ಬಟ್ಟಲು, ಅದರಲ್ಲಿ ಅದ್ದಿ ತಿನ್ನಲು ದಾಲ್ಚಿನ್ನಿಯ ಸಿಹಿ ಬನ್ನು. ಪಿಕಪ್ಪುಗಳು ಮೈದಾನದ ಸುತ್ತ ಮೂತಿ ಒಳಗೆ ಮಾಡಿ ನಿಂತಿದ್ದವು, ಅಂಕ ಬಂದಾಗಲೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದವು. ಆಟ ಮುಗಿಯಲು ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಡ್ರೈ ಫೋರ್ಕ್ ನಾಲ್ಕು ಅಂಕ ಹಿಂದಿತ್ತು, ಚೆಂಡು ನಡು ಮೈದಾನದಲ್ಲಿ. ಮೊದಲ ಡೌನಿನಲ್ಲಿ ಓಡಿದರು, ಎರಡನೆಯದರಲ್ಲೂ ಓಡಿದರು, ಸಿಕ್ಕಿದ್ದು ಎರಡು ಗಜ.

ಮೂರನೇ ಡೌನು, ಎಂಟು ಗಜ.

ಗಿಡ್ಡ ಪಾಸು ಎಸೆದರೆ ಐದು ಗಜ ಸಿಗುತ್ತದೆ, ಹಿಂದೆ ಬಿದ್ದಿರುವಾಗ ಚೆಂಡು ಒದ್ದು ಒಪ್ಪಿಸುವ ಮಾತಿಲ್ಲ, ನಾಲ್ಕನೆಯದಕ್ಕೆ ಮೂರು ಗಜ ಓಡಿ ದಾಟಬಹುದು. ಎಲ್ಲರಿಗೂ ಗೊತ್ತಿದ್ದ ಲೆಕ್ಕ ಅದು. ಟ್ವೈಲಾ ಮೈಕಿಗೆ ಬಾಗಿ, "ಬಲಗಡೆಗೆ ಗಿಡ್ಡ ಪಾಸು," ಎಂದಳು. ಅವಳ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ.

ಚೆಂಡು ಹಿಡಿದ ಹುಡುಗ ಬಲಕ್ಕೆ ನೋಡಿದ, ಎದುರಾಳಿಗಳೆಲ್ಲ ಬಲಕ್ಕೆ ನುಗ್ಗಿದರು. ಅವನು ಥಟ್ಟನೆ ತಿರುಗಿ ಎಡಗಡೆಗೆ, ಉದ್ದಕ್ಕೆ, ಎತ್ತರಕ್ಕೆ ಎಸೆದ. ಅಲ್ಲಿ ಒಬ್ಬ ಉದ್ದ ಕಾಲಿನ ಹುಡುಗ ಒಂಟಿಯಾಗಿ ಓಡುತ್ತಿದ್ದ. ಸ್ಟ್ರಾಬೆರಿ ಜಾಮ್ ಓಡಿದ ದಾರಿಯೇ ಅದು, ಒಂದು ಅಂಗುಲ ಆಚೀಚೆ ಇಲ್ಲ. ಟ್ವೈಲಾ ಕುರ್ಚಿಯಿಂದ ಎದ್ದು ನಿಂತಳು. ಚೆಂಡು ಗುರುತು ದಾಟಿ, ಅದರಾಚೆ ಇನ್ನೂ ಇಪ್ಪತ್ತು ಗಜ ದಾಟಿ, ಹುಡುಗನ ಎರಡೂ ಕೈಗೆ ಬಂದು ಬೆರಳ ಸಂದಿಯಿಂದ ಜಾರಿ ಕೆಳಗೆ ಬಿತ್ತು.

ರೇಡಿಯೋದಲ್ಲಿ ಸದ್ದೇ ಇಲ್ಲ. ಪಿಕಪ್ಪುಗಳಲ್ಲಿ ಕೂತವರು ಕೆಟ್ಟುಹೋಯಿತೇನೋ ಎಂದು ಗುಂಡಿ ತಿರುವಿ ನೋಡಿದರು. ಅಷ್ಟು ವರ್ಷಗಳಲ್ಲಿ ಟ್ವೈಲಾ ಹ್ರೂಬಿಗೆ ಮಾತು ನಿಂತದ್ದು ಅದೇ ಮೊದಲು.

"ನಾನು ಹೇಳಿದ್ದು ತಪ್ಪಾಯ್ತು," ಎಂದಳು ಕೊನೆಗೆ. "ಅವರು ಎಸೆದಿದ್ದು ಸರಿ. ಬಿದ್ದೋಯ್ತು, ಆದ್ರೂ ಸರಿ."

ಇಡೀ ಮೈದಾನ ಗೊಣಗುತ್ತಿದ್ದಾಗ ಒಂದೇ ಒಂದು ಪಿಕಪ್ ಹಾರ್ನ್ ಹೊಡೆಯಿತು. ಅದು ಎಮಿಲ್‌ನದು. ನಾಲ್ಕನೆಯ ಡೌನಿನಲ್ಲಿ ಎದುರಾಳಿಗಳು ಅವರನ್ನು ಅಲ್ಲೇ ಹಿಡಿದು ಕೆಡವಿದರು, ಚೆಂಡು ಕೈಬಿಟ್ಟಿತು, ಉಳಿದ ಸಮಯ ಹಾಗೇ ಹರಿದುಹೋಯಿತು. ಸೀಸನ್ ಮುಗಿಯಿತು.

ಟ್ವೈಲಾ ಹೆಡ್‌ಫೋನ್ ತೆಗೆದಿಟ್ಟಳು. ಮೈಕು ಆರಿದೆಯೇ ಎಂದು ಎರಡೆರಡು ಸಲ ನೋಡಿದಳು. ಗೋಡೆಯಾಚೆ ಕುರ್ಚಿ ಕಿರುಗುಟ್ಟಿತು, ಅವನಿನ್ನೂ ಕೆಳಗೆ ಹೋಗಿರಲಿಲ್ಲ. ಅವಳು ಪ್ಲೈವುಡ್ಡಿನ ಮೇಲೆ ಬೆರಳಿನಿಂದ ತಟ್ಟಿದಳು.

"ಕರ್ಟ್, ಕೇಳಿಸ್ತಿದೆಯಾ?"

"ಕೇಳಿಸ್ತಿದೆ."

"ಸುಮ್ನೆ ಕೇಳಿ, ನಡುವೆ ಬಾಯಿ ಹಾಕ್ಬೇಡಿ. ಕೊಲೊರಾಡೋಗೆ ಹೋಗ್ಬೇಡಿ. ತಂಡಕ್ಕೋಸ್ಕರ ಅಲ್ಲ, ತಂಡ ನೀವಿದ್ರೂ ಸೋಲುತ್ತೆ. ನನಗೋಸ್ಕರ. ನಂಗೆ ಸೋಮವಾರ ಸಾಲಲ್ಲ. ಮಂಗಳವಾರಾನೂ ನಿಮ್ಮ ಹತ್ರ ಜಗಳ ಆಡ್ಬೇಕು, ಭಾನುವಾರಾನೂ ಆಡ್ಬೇಕು. ನೀವಂದ್ರೆ ನಂಗೆ ತುಂಬಾ ಇಷ್ಟ. ನಿನ್ನೆ ಓವನ್ ಹಚ್ಚೇ ಇರ್ಲಿಲ್ಲ."

ಹೇಳಿ ಮುಗಿಸಿ ಅವಳು ಕಣ್ಣು ಮುಚ್ಚಿಕೊಂಡಳು. ಕೇಳಿಸಿದ್ದು ಕೆಳಗೆ ಗ್ಯಾಲರಿಯಲ್ಲಿ ಜನ ಇಳಿಯುವ ಸದ್ದು, ಪಿಕಪ್ಪುಗಳು ಹೊರಡುವ ಸದ್ದು ಮಾತ್ರ. ಈ ಸಲವೂ ಕೈಗೆ ಬಂದು ಜಾರಿತು ಎಂದುಕೊಂಡಳು.

ಆಮೇಲೆ ಗೋಡೆ ಅಲುಗಿತು. ಅವನು ಅಂಗೈಯಿಂದ ಆ ಜಾರು ಕಿಟಕಿಯನ್ನು ಗುದ್ದುತ್ತಿದ್ದ. ಎಷ್ಟೋ ವರ್ಷದ ಬಣ್ಣ ಚಟ್ಟನೆ ಬಿರುಕು ಬಿಟ್ಟಿತು, ಚಕ್ಕೆಗಳು ಅವಳ ಮೇಜಿನ ಮೇಲೆ ಉದುರಿದವು, ಕಿಟಕಿ ಒಂದು ಗೇಣು ತೆರೆದು ಮತ್ತೆ ಸಿಕ್ಕಿಕೊಂಡಿತು. ಆ ಸಂದಿಯಿಂದ ಸೀಮೆಸುಣ್ಣ ಹತ್ತಿದ ಒಂದು ಕೈ ಈಚೆಗೆ ಬಂತು.

"ಬಾಗಿಲಿತ್ತಲ್ಲ," ಎಂದಳು ಟ್ವೈಲಾ. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದಿದ್ದವು.

"ಬಾಗಿಲ ತನಕ ಹೋಗೋವಷ್ಟು ತಾಳ್ಮೆ ಇರ್ಲಿಲ್ಲ."

ಅವಳು ಆ ಕೈ ಹಿಡಿದುಕೊಂಡಳು. ಅದು ಬೆಚ್ಚಗಿತ್ತು.

"ಒಂದು ಕಿವಿ ಜನರ ಗಲಾಟೆ ಕೇಳೋದಕ್ಕೆ ಅಂದಿದ್ನಲ್ಲ," ಎಂದ ಅವನು ಸಂದಿಯೊಳಗಿಂದ. "ಜನರ ಗಲಾಟೆ ನಾನು ಯಾವತ್ತೂ ಕೇಳಿಲ್ಲ ಟ್ವೈಲಾ. ಮೊದಲ್ನೇ ಪಂದ್ಯದಿಂದ ಕೇಳ್ತಿರೋದು ನಿಮ್ಮ ದನಿ ಒಂದನ್ನೇ. ನೀವು ಬೈತೀರ ಅಂತ ಗೊತ್ತಿದ್ದೂ ಗಿಡ್ಡ ಪಾಸು ಎಸೀತಿದ್ದೆ ಕೆಲವು ಸಲ."

"ಅದಕ್ಕೇ ಸೋತಿದ್ದು ನಾವು."

"ಇರಬಹುದು."

ಬಾಗಿಲಿನಿಂದ ಬರುವಷ್ಟು ತಾಳ್ಮೆ ಅವನಿಗೆ ಆಮೇಲೆ ಹೇಗೋ ಬಂತು. ಆ ಮರದ ಡಬ್ಬದಿಂದ ಇಬ್ಬರೂ ಕೆಳಗಿಳಿಯುವಾಗ ಮೈದಾನದಲ್ಲಿ ಒಂದೇ ಪಿಕಪ್ ಉಳಿದಿತ್ತು. ಅಪ್ಪ ಏನೂ ಕೇಳಲಿಲ್ಲ, ನಾಯಿಯನ್ನು ಹಿಂದಿನ ಸೀಟಿಗೆ ದಾಟಿಸಿ ಇಬ್ಬರಿಗೆ ಜಾಗ ಮಾಡಿದ. ಮಗಳ ಕೆನ್ನೆಯ ಮೇಲೆ ಸೀಮೆಸುಣ್ಣ ಹತ್ತಿದ್ದನ್ನು ನೋಡಿಯೂ ಹೇಳದೆ ಬಿಟ್ಟ.

ಭಾನುವಾರ ಕರ್ಟ್ ಕೊಲೊರಾಡೋಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಮಾತು ಒಂದು ನಿಮಿಷದಲ್ಲಿ ಮುಗಿಯಿತು, ಟ್ವೈಲಾ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು.

ಸೋಮವಾರ ಬೆಂಕಿ ಲಾರಿಯ ಶೆಡ್ಡು ತುಂಬಿತ್ತು. ಸೀಸನ್ ಮುಗಿದ ಕಾರಣಕ್ಕೆ ಲುಮಿರ್ ತನ್ನ ಕಟ್ಟಪ್ಪಣೆ ವಾಪಸು ತೆಗೆದುಕೊಂಡಿದ್ದೇ ತಡ, ಎಲ್ಲರೂ ಕರ್ಟ್ ಮೇಲೆ ಮುಗಿಬಿದ್ದರು. ಗಿಡ್ಡ ಪಾಸು ಎಸೆದಿದ್ದರೆ ಮೂರೇ ಗಜ ಉಳಿಯುತ್ತಿತ್ತು, ಅಷ್ಟು ಉದ್ದಕ್ಕೆ ಎಸೆಯಲು ನಿಮಗೆ ಹೇಳಿದವರು ಯಾರು ಎಂದು ಹಲ್ಲಿನ ಡಾಕ್ಟರು ಮೇಜು ಕುಟ್ಟಿದರು. ಇಡೀ ಸೀಸನ್ ಉದ್ದ ಪಾಸು ಬೇಕೆಂದು ಬೊಬ್ಬೆ ಹೊಡೆದವರೂ ಅವರೇ. ಟ್ವೈಲಾ ಎದ್ದು ನಿಂತು, ಆ ಪಾಸು ಸರಿ, ನಾಳೆ ಮತ್ತೆ ಎಸೆದರೂ ಸರಿ, ಇನ್ನು ಯಾರಾದರೂ ಆ ಮಾತೆತ್ತಿದರೆ ಕೊಲಾಚೆ ಬಂದ್ ಎಂದಳು. ಲುಮಿರ್ ಬೆರಗಾಗಿ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದ.

ಕರ್ಟ್ ಮೇಜಿನ ಆ ತುದಿಯಿಂದ ತನ್ನ ಕಾಫಿ ಲೋಟ ಎತ್ತಿಕೊಂಡು, ಕುರ್ಚಿಯನ್ನೂ ಎತ್ತಿಕೊಂಡು, ಎಲ್ಲರ ಬೆನ್ನ ಹಿಂದೆ ನಡೆದು ಬಂದು ಟ್ವೈಲಾಳ ಪಕ್ಕದಲ್ಲಿ ಕುರ್ಚಿ ಹಾಕಿ ಕೂತ. ಎದುರಿಗಲ್ಲ, ಪಕ್ಕದಲ್ಲಿ. ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಪಾದ್ರಿಯ ಕೈಯಲ್ಲಿದ್ದ ಕೊಲಾಚೆಯಿಂದ ಹೂರಣ ಮೆಲ್ಲಗೆ ಜಾರಿ ತಟ್ಟೆಗೆ ಬಿತ್ತು.

"ನೀವಿಬ್ರೂ ಜಗಳ ಆಡ್ತಿದ್ರಲ್ಲಪ್ಪಾ," ಎಂದ ಲುಮಿರ್.

"ಈಗಲೂ ಆಡ್ತಿದೀವಿ," ಎಂದಳು ಟ್ವೈಲಾ. ಬಿಡುವಾಗಿದ್ದ ಇನ್ನೊಂದು ಕೈಯಿಂದ ಜಾಮಿನ ಪೊಟ್ಟಣಗಳನ್ನು ಎಳೆದುಕೊಂಡು ಒಂದೊಂದಾಗಿ ನಿಲ್ಲಿಸತೊಡಗಿದಳು. "ಮೂರನೇ ಡೌನು ಸರಿ. ಆದ್ರೆ ಎರಡನೇ ಡೌನಲ್ಲಿ ಓಡಿದ್ದು ಶುದ್ಧ ದಡ್ಡತನ."

ಕರ್ಟ್‌ನ ಎಡ ಹುಬ್ಬು ಮೇಲೇರಿತು. ಅವನು ಲೋಟದ ಹಿಂದೆ ನಗು ಬಚ್ಚಿಡುವ ಗೋಜಿಗೆ ಹೋಗಲಿಲ್ಲ.

"ತೋರಿಸು," ಎಂದು ಸ್ಟ್ರಾಬೆರಿಗಳನ್ನು ಅವಳ ಕಡೆ ಸರಿಸಿದ.